ಸುಡೊಕುವಿನ ನಾಲ್ಕು ಬಗೆ: ಮಳೆ ರಜೆಯಲ್ಲಿ ಬಿಡಿಸಿ ನೋಡಿದ್ದು

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಕರೆಂಟನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಈ ಸಲ ಅಕ್ಕನ ಮಗಳಿಗೆ ಮಳೆ ರಜೆ ಸಿಕ್ಕ ನಾಲ್ಕೈದು ದಿನ, ಅಪ್ಪಯ್ಯ, ಅವಳು, ನಾನು ಮೂವರೂ ಜಗಲಿಯಲ್ಲಿ ಕೂತು ಸುಡೊಕು ಬಿಡಿಸಿದೆವು. ಮಾಮೂಲಿ ಸುಡೊಕು ಮೂವರಿಗೂ ರೂಢಿಯಾಗಿತ್ತು. ಅದಕ್ಕೇ ನಾಲ್ಕು ಬೇರೆ ಬಗೆ ಆರಿಸಿ, ಜೆರಾಕ್ಸ್ ಅಂಗಡಿಯಲ್ಲಿ ಒಂದೊಂದರದ್ದೂ ಆರಾರು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದೆ: ಕರ್ಣ, ವಿಂಡೋಕು, ಕಿಲ್ಲರ್, ಕುದುರೆ.

ನಾಲ್ಕರಲ್ಲೂ ಹಳೇ ನಿಯಮ ಇದ್ದೇ ಇರುತ್ತದೆ. ಅಡ್ಡಸಾಲು, ಕಂಬಸಾಲು, 3×3ರ ಪೆಟ್ಟಿಗೆ, ಎಲ್ಲದರಲ್ಲೂ 1ರಿಂದ 9 ಒಂದೊಂದು ಸಲ. ಅದರ ಮೇಲೆ ಇನ್ನೊಂದು ನಿಯಮ ಕೂರುತ್ತದೆ. ಸುಡೊಕು ಹುಟ್ಟಿದ್ದೂ ಹಾಗೇ ಅಲ್ವಾ? ಸಾಲಿನಲ್ಲಿ ಅಂಕಿ ಎರಡು ಸಲ ಬಾರದ ಲ್ಯಾಟಿನ್ ಚೌಕ ಮೊದಲೇ ಇತ್ತು. ಅದಕ್ಕೆ ಪೆಟ್ಟಿಗೆಯ ನಿಯಮ ಸೇರಿಸಿ, 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯವರು ‘ನಂಬರ್ ಪ್ಲೇಸ್’ ಅಂತ ಅಚ್ಚು ಹಾಕಿದರು. ಸೇರಿಸಿದ ನಿಯಮ ಎಷ್ಟು ಕೆಲಸ ಮಾಡುತ್ತದೆ ಅನ್ನುವುದೇ ನನಗೆ ಮುಖ್ಯ.

ಕರ್ಣ ಸುಡೊಕುವಿನಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಎರಡೂ ಗೆರೆಗಳಲ್ಲಿ 1ರಿಂದ 9 ಬರಬೇಕು. ಕಲಿಯುವುದು ಸುಲಭ. ಆದರೆ ಎರಡು ಕರ್ಣ ಸೇರಿದರೂ 17 ಮನೆ ಮಾತ್ರ. ಉಳಿದ 64 ಮನೆಗಳಿಗೆ ಆ ನಿಯಮ ನೇರವಾಗಿ ತಾಗುವುದೇ ಇಲ್ಲ. ಮೂರನೇ ಹಾಳೆಯ ಹೊತ್ತಿಗೆ ಕರ್ಣದ ನೆನಪೇ ಇಲ್ಲದೆ ಅರ್ಧ ಬಿಡಿಸಿದ್ದೆವು. ಹೊಸಬರಿಗೆ ಕೊಡಲು ಒಳ್ಳೆಯದು, ಅಷ್ಟೇ.

ವಿಂಡೋಕು ನೋಡಿದಾಗ ಇದೂ ಅಂಥದ್ದೇ ಅನ್ನಿಸಿತ್ತು. 2ರಿಂದ 4, 6ರಿಂದ 8ನೇ ಸಾಲುಗಳು ಕೂಡುವಲ್ಲಿ ಬಣ್ಣ ಬಳಿದ ನಾಲ್ಕು ಕಿಟಕಿ. ಪ್ರತಿ ಕಿಟಕಿಯಲ್ಲೂ 1ರಿಂದ 9. ಎರಡನೇ ದಿನ ಅಕ್ಕನ ಮಗಳು, "ಚಿಕ್ಕೀ, ಕಿಟಕಿ ಬಿಟ್ಟು ಉಳಿದದ್ದರಲ್ಲೂ ಒಂಬತ್ತು ಮನೆ ಇದೆ ನೋಡು" ಅಂದಳು. ಹೌದಲ್ಲ! 2, 3, 4ನೇ ಕಂಬಸಾಲು ತಗೊಳ್ಳಿ. ಮೂರು ಸಾಲು, ಅಂದರೆ ಪ್ರತಿ ಅಂಕಿ ಮೂರು ಸಲ. ಆ ಪಟ್ಟಿಯಲ್ಲಿ ಎರಡು ಕಿಟಕಿ ಇವೆ, ಅಲ್ಲಿ ಪ್ರತಿ ಅಂಕಿ ಎರಡು ಸಲ ಮುಗಿಯಿತು. ಹಾಗಾದರೆ 1, 5, 9ನೇ ಅಡ್ಡಸಾಲುಗಳಲ್ಲಿ ಚದುರಿಕೊಂಡಿರುವ ಉಳಿದ ಒಂಬತ್ತು ಮನೆಗಳಲ್ಲೂ 1ರಿಂದ 9 ಒಂದೊಂದೇ ಸಲ ಬರಲೇಬೇಕು. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಇಡೀ ಚೌಕದಲ್ಲಿ ಇಂಥ ಐದು ಗುಂಪು ಸಿಗುತ್ತವೆ. ಹಾಳೆಯಲ್ಲಿ ಬಣ್ಣ ಬಳಿದದ್ದು ನಾಲ್ಕಕ್ಕೆ, ಕೆಲಸ ಮಾಡುವುದು ಒಂಬತ್ತು. ಆಮೇಲೆ ನಾವು ಆ ಐದಕ್ಕೂ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡೇ ಶುರು ಮಾಡುತ್ತಿದ್ದೆವು.

ಕಿಲ್ಲರ್ ಅಪ್ಪಯ್ಯನಿಗೆ ಹಿಡಿಸಿತು. ಸಾಮಾನ್ಯವಾಗಿ ಒಂದು ಅಂಕಿಯನ್ನೂ ಮೊದಲೇ ಕೊಟ್ಟಿರುವುದಿಲ್ಲ. ಚುಕ್ಕೆಗೆರೆಯ ಬೇಲಿಗಳು, ಬೇಲಿಯ ಮೂಲೆಯಲ್ಲಿ ಒಳಗಿನ ಅಂಕಿಗಳ ಮೊತ್ತ. ಎರಡು ಮನೆಗೆ 17 ಅಂದರೆ 8 ಮತ್ತು 9, ಬೇರೆ ದಾರಿ ಇಲ್ಲ. ಇಲ್ಲಿನ ದೊಡ್ಡ ಕೀಲಿ 45. 1ರಿಂದ 9 ಕೂಡಿದರೆ 45 ತಾನೇ? ಒಂದು ಪೆಟ್ಟಿಗೆಯನ್ನು ತುಂಬಿದ ಬೇಲಿಗಳ ಮೊತ್ತ 52 ಇದ್ದು, ಒಂದೇ ಮನೆ ಪೆಟ್ಟಿಗೆಯ ಆಚೆ ಚಾಚಿಕೊಂಡಿದ್ದರೆ ಆ ಮನೆಯಲ್ಲಿ 7. ಅಪ್ಪಯ್ಯ ಪೆನ್ಸಿಲ್ ಮುಟ್ಟದೆ ಬಾಯಲ್ಲೇ ಕೂಡಿ ಹೇಳುತ್ತಿದ್ದರು.

ಒಂದು ಸಂಜೆ ಮಾತ್ರ ಹಾಳಾಯಿತು, ಅದು ನಿಯಮದ ಗೊಂದಲದಿಂದ. ನನಗೆ ಮೊದಲು ಕೆನ್‌ಕೆನ್ ಅನ್ನುವ, ಹೀಗೇ ಬೇಲಿ ಹಾಕಿದ ಇನ್ನೊಂದು ಅಂಕಿ ಆಟ ಆಡಿ ಅಭ್ಯಾಸ. ಅದರಲ್ಲಿ ಒಂದೇ ಸಾಲಿಗೆ ಬೀಳದಿದ್ದರೆ ಬೇಲಿಯೊಳಗೆ ಅಂಕಿ ಎರಡು ಸಲ ಬರಬಹುದು. ಮೂಲೆ ತಿರುಗಿದ ಮೂರು ಮನೆಗೆ 7 ಇದ್ದರೆ 1-1-5, 1-3-3, 2-2-3, 1-2-4 ನಾಲ್ಕೂ ನಡೆಯುತ್ತವೆ. ಕಿಲ್ಲರ್‌ನ ರೂಢಿಯ ನಿಯಮದಲ್ಲಿ ಬೇಲಿಯೊಳಗೆ ಅಂಕಿ ಮರುಕಳಿಸುವಂತಿಲ್ಲ, 1-2-4 ಒಂದೇ. ನಮ್ಮ ಹಾಳೆಯಲ್ಲಿ ಆ ನಿಯಮವನ್ನೇ ಬರೆದಿರಲಿಲ್ಲ. ಅಳಗುಳಿ ಮಣೆಯಲ್ಲಿ ಒಂದೊಂದು ಮನೆಯವರದ್ದು ಒಂದೊಂದು ನಿಯಮ ಇರುತ್ತದಲ್ಲ, ಹಾಗೆ ಇಲ್ಲೂ ಕೂರುವ ಮೊದಲೇ ಮಾತಾಡಿಕೊಳ್ಳಬೇಕು. ಪ್ರಿಂಟ್ ಹಾಕುವವರು ದಯವಿಟ್ಟು ನಿಯಮವನ್ನು ಹಾಳೆಯ ಮೇಲೇ ಬರೆಯಿರಿ.

ಕುದುರೆ ಬಗೆಯಲ್ಲಿ ಚದುರಂಗದ ಕುದುರೆ ನಡೆಯ (ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ) ದೂರದಲ್ಲಿ ಅದೇ ಅಂಕಿ ಬರಬಾರದು. ಮಾಮೂಲಿ ಸುಡೊಕುವಿನಲ್ಲಿ ಒಂದು ಅಂಕಿ ಇಟ್ಟರೆ 20 ಮನೆಗಳಲ್ಲಿ ಅದು ನಿಷಿದ್ಧ. ಇಲ್ಲಿ ನಟ್ಟನಡುವೆ ಇಟ್ಟರೆ 28. ನಿಯಮಕ್ಕೆ ಬಲ ಜಾಸ್ತಿ. ಆದರೆ ಹಾಳೆಯಲ್ಲಿ ಗೆರೆಯೂ ಇಲ್ಲ, ಬಣ್ಣವೂ ಇಲ್ಲ, ಪ್ರತಿ ಸಲ ಕಣ್ಣಲ್ಲೇ ಕುದುರೆ ಓಡಿಸಬೇಕು. ಚಾರ್ಜರ್ ಲೈಟಿನ ಬೆಳಕಲ್ಲಿ ಅಪ್ಪಯ್ಯನ ಕಣ್ಣಿಗೆ ತ್ರಾಸಾಯಿತು. ಎರಡು ಹಾಳೆಗೇ ಬಿಟ್ಟೆವು. ಹಗಲು ಹೊತ್ತಿನಲ್ಲಿ ಅಕ್ಕನ ಮಗಳು ಒಬ್ಬಳೇ ಇನ್ನೆರಡು ಮುಗಿಸಿದಳು. ಅವಳಿಗೆ ನಾಲ್ಕರಲ್ಲಿ ಇದೇ ಹೆಚ್ಚು ಇಷ್ಟ.

ನನಗೆ ಒಬ್ಬಳೇ ಕೂತರೆ ವಿಂಡೋಕು, ಮೂವರು ಕೂತರೆ ಕಿಲ್ಲರ್. ಒಬ್ಬರು ಮೊತ್ತ ಕೂಡುತ್ತಾರೆ, ಒಬ್ಬರು ಜೋಡಿ ಹೇಳುತ್ತಾರೆ, ಒಬ್ಬರು ಬರೆಯುತ್ತಾರೆ. ಪುಷ್ಯ ಮಳೆಗೆ ಅಂತ ಕಿಲ್ಲರ್‌ನದೇ ಹತ್ತು ಹಾಳೆ ತಂದಿಟ್ಟಿದ್ದೇನೆ, ಅಪ್ಪಯ್ಯನಿಗಾಗಿ ಒಂದೊಂದನ್ನೂ ಪುಟ ತುಂಬ ದೊಡ್ಡದು ಮಾಡಿಸಿ.