ಗುಂಪು ಕರೆ, ನಡುವೆ ಕ್ಲಿಪ್: ಪಾಡ್‌ಕಾಸ್ಟ್ ಯಾವುದರಲ್ಲಿ ರೆಕಾರ್ಡ್ ಮಾಡೋದು?

ನಾಲ್ಕೈದು ಜನ ಅವರವರ ಮನೆಯಲ್ಲೇ ಕೂತು ಮಾತಾಡುವ ಪಾಡ್‌ಕಾಸ್ಟ್ ನಮ್ಮದು. ನಡುನಡುವೆ ಕ್ಲಿಪ್ ಬರುತ್ತದೆ. ಶುರುವಿನ ಟ್ಯೂನ್, ಕೇಳುಗರು ಕಳಿಸಿದ ವಾಯ್ಸ್ ನೋಟ್, ಹಳೆ ಸಂಚಿಕೆಯ ತುಣುಕು, ಹೀಗೆ. "ಅದನ್ನೆಲ್ಲ ಎಡಿಟ್ ಮಾಡುವಾಗ ಸೇರಿಸಿದರೆ ಆಯ್ತಲ್ಲ" ಅನ್ನುವವರಿದ್ದಾರೆ. ಸೇರಿಸಬಹುದು. ಆದರೆ ಕೇಳದೇ ಇರುವ ಕ್ಲಿಪ್‌ಗೆ ಯಾರಾದರೂ ನಗುವುದು ಹೇಗೆ? ಕ್ಲಿಪ್ ಮುಗಿದ ತಕ್ಷಣ ಯಾರೋ ಒಬ್ಬರು "ಅಯ್ಯೋ, ಇದೇನ್ರೀ!" ಅನ್ನಬೇಕು. ಕ್ಲಿಪ್ ಹಾಕುವುದೇ ಅದಕ್ಕೆ.

ಹಾಗಾಗಿ ಎಲ್ಲವನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದೆ. ಕ್ಲಿಪ್ ಎಲ್ಲರಿಗೂ ಆಗಲೇ ಕೇಳುತ್ತದಾ? ಆಮೇಲೆ ಅದು ಮಾತಿಗೆ ಅಂಟಿಕೊಳ್ಳದೆ ಬೇರೆ ಟ್ರ್ಯಾಕ್ ಆಗಿ ಕೈಗೆ ಸಿಗುತ್ತದಾ? ಎರಡನೆಯದು ಇಲ್ಲದಿದ್ದರೆ ಕ್ಲಿಪ್ ಮೇಲೆ ಯಾರಾದರೂ ಕೆಮ್ಮಿದ್ದನ್ನು ತೆಗೆಯಲು ಆಗುವುದೇ ಇಲ್ಲ.

ಮೊದಲು ಜೂಮ್. ಇದರ ದೊಡ್ಡ ಲಾಭ ಅಂದರೆ ಅತಿಥಿಗಳಿಗೆ ಏನೂ ಹೇಳಿಕೊಡಬೇಕಾಗಿಲ್ಲ. ಲಿಂಕ್ ಕಳಿಸಿದರೆ ಬಂದುಬಿಡುತ್ತಾರೆ. ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡುವುದಾದರೆ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಆಡಿಯೋ ಫೈಲ್ ಮಾಡುವ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಕರೆ ಮುಗಿದ ಮೇಲೆ ಫೋಲ್ಡರ್ ತುಂಬ ಎಂ4ಎ ಫೈಲ್‌ಗಳು ಸಿಗುತ್ತವೆ. ಎಷ್ಟೋ ಜನ ಈ ಟಿಕ್ ನೋಡಿಯೇ ಇರುವುದಿಲ್ಲ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಮುಗಿಯುತ್ತದೆ, ಅದೊಂದು ಕಿರಿಕಿರಿ.

ಕ್ಲಿಪ್ ವಿಷಯಕ್ಕೆ ಬಂದರೆ ಕಥೆಯೇ ಬೇರೆ. ನಮ್ಮ ಟ್ಯೂನ್ ಒಂದು ಮೆಲ್ಲನೆಯ ಗಿಟಾರ್‌ನಿಂದ ಶುರುವಾಗುತ್ತದೆ. ಅದನ್ನು ಮೈಕ್ ದಾರಿಯಲ್ಲೇ ಕಳಿಸಿ ನೋಡಿದೆ. ತಂತಿ ಮೀಟಿದ ಟಣ್ ಮಾತ್ರ ಆಚೆ ಕಡೆ ಕೇಳಿತು. ಅದರ ಹಿಂದೆ ಉಳಿಯಬೇಕಾದ ಗುಂಯ್ ಅನ್ನುವ ಸದ್ದು ಅರ್ಧಕ್ಕೇ ಕತ್ತರಿಸಿ ಹೋಯಿತು. ಮಾತು ಬಂದಾಗ ದಾರಿ ತೆರೆದುಕೊಳ್ಳುತ್ತಿತ್ತು, ಸಂಗೀತ ಬಂದಾಗ ಮುಚ್ಚಿಕೊಳ್ಳುತ್ತಿತ್ತು. ಕಾರಣ ಸರಳ. ಫ್ಯಾನ್ ಸದ್ದು, ಕೀಬೋರ್ಡ್ ಸದ್ದು ಅಳಿಸಲು ಇಟ್ಟಿರುವ ನಾಯ್ಸ್ ಸಪ್ರೆಶನ್‌ಗೆ ಮಾತು ಒಂದೇ ಬೇಕಾದ್ದು. ಉಳಿದದ್ದೆಲ್ಲ ಗದ್ದಲ, ಸಂಗೀತವೂ ಸೇರಿ. ಇದು ಜೂಮ್ ಒಂದರ ಪಾಡಲ್ಲ, ಹೆಚ್ಚುಕಮ್ಮಿ ಎಲ್ಲಾ ಕರೆ ಆಪ್‌ಗಳದ್ದೂ ಇದೇ. ಜೂಮ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಶಿಯನ್ಸ್" ಆನ್ ಮಾಡಿದರೆ ಸಂಗೀತ ಪೂರ್ತಿ ಆಚೆ ಕಡೆ ತಲುಪುತ್ತದೆ. ಜೊತೆಗೆ ನನ್ನ ಫ್ಯಾನ್ ಸದ್ದೂ ತಲುಪುತ್ತದೆ! ಪರದೆ ಹಂಚಿಕೊಳ್ಳುವ ಕಡೆ ಬರೀ ಕಂಪ್ಯೂಟರ್ ಸದ್ದನ್ನು ಹಂಚುವ ಆಯ್ಕೆಯೂ ಇದೆ. ಎಲ್ಲರಿಗೂ ಕೇಳಿಸುವುದಷ್ಟೇ ಬೇಕಿದ್ದರೆ ಅದು ಸಾಕು.

ನನಗೆ ಕೊನೆಗೆ ಒಗ್ಗಿದ ಉಪಾಯ ಬೇರೆ: ಕ್ಲಿಪ್‌ಗೂ ಒಂದು ಕುರ್ಚಿ ಕೊಡುವುದು. ಹಳೆ ಲ್ಯಾಪ್‌ಟಾಪ್ ಒಂದನ್ನು "ಕ್ಲಿಪ್" ಅನ್ನುವ ಹೆಸರಲ್ಲೇ ಕರೆಗೆ ಸೇರಿಸುತ್ತೇನೆ. ಅದರಲ್ಲಿ ಮೈಕ್ ಬದಲು ವರ್ಚುವಲ್ ಕೇಬಲ್ (ಒಂದು ಪ್ರೋಗ್ರಾಂನ ಸದ್ದನ್ನು ಇನ್ನೊಂದಕ್ಕೆ ಮೈಕ್‌ನಂತೆ ತಲುಪಿಸುವ ಸಾಫ್ಟ್‌ವೇರ್) ಆರಿಸುತ್ತೇನೆ. ಪ್ಲೇಯರ್‌ನಿಂದ ಹೊರಟ ಸದ್ದು ಸೀದಾ ಕರೆಯೊಳಗೆ ಹೋಗುತ್ತದೆ. ಒರಿಜಿನಲ್ ಸೌಂಡ್ ಅಲ್ಲಿ ಮಾತ್ರ ಆನ್, ನನ್ನ ಮೈಕ್‌ಗೆ ಬೇಡ. ಕ್ಲಿಪ್‌ಗೆ ಅದರದ್ದೇ ಫೈಲ್ ಸಿಗುತ್ತದೆ. ಆ ಲ್ಯಾಪ್‌ಟಾಪ್‌ನ ಸ್ಪೀಕರ್ ಮಾತ್ರ ಮ್ಯೂಟ್ ಇರಬೇಕು. ಎಲ್ಲರ ಕಿವಿಗೂ ಹೆಡ್‌ಫೋನ್ ಬೇಕು, ಇಲ್ಲದಿದ್ದರೆ ಕ್ಲಿಪ್ ಒಬ್ಬೊಬ್ಬರ ಮೈಕ್‌ನಲ್ಲೂ ಮತ್ತೆ ಬಂದು ಕೂರುತ್ತದೆ.

ಇದೇ ಕುರ್ಚಿ ಉಪಾಯ ಗುಂಪಾಗಿ ಹರಟುವ ಆಪ್ ಡಿಸ್ಕಾರ್ಡ್‌ನಲ್ಲಿ ಇನ್ನೂ ಸಲೀಸು. ಅಲ್ಲಿ ಕ್ರೇಗ್ ಅಂತ ಒಂದು ಬಾಟ್, ಅಂದರೆ ತಾನೇ ಕೆಲಸ ಮಾಡುವ ಪ್ರೋಗ್ರಾಂ, ಇದೆ. ವಾಯ್ಸ್ ಚಾನೆಲ್‌ಗೆ ಕರೆದರೆ ಬಂದು ಕೂತು ಒಬ್ಬೊಬ್ಬರನ್ನೂ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡುತ್ತದೆ. ದುಡ್ಡು ಕೊಡಬೇಕಿಲ್ಲ. ಉಚಿತವಾಗಿ 6 ಗಂಟೆವರೆಗೆ ಒಂದೇ ಸಮ ರೆಕಾರ್ಡ್ ಆಗುತ್ತದೆ, ಫೈಲ್‌ಗಳು 7 ದಿನ ಉಳಿಯುತ್ತವೆ. ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಎಲ್ಲರ ಟ್ರ್ಯಾಕೂ ಒಂದೇ ಕ್ಷಣದಿಂದ ಶುರುವಾಗಿ, ಹೊಂದಿಕೊಂಡೇ ಬರುವುದರಿಂದ ಎಡಿಟರ್‌ಗೆ ಎಳೆದು ಹಾಕಿದರೆ ಕೆಲಸ ಶುರು. ಡಿಸ್ಕಾರ್ಡ್‌ನ ಸ್ವಂತ ಸೌಂಡ್‌ಬೋರ್ಡ್ ಇದೆ ನಿಜ, ಆದರೆ ಅದು ಕೆಲವೇ ಸೆಕೆಂಡಿನ ಢಮಾರ್, ಚಪ್ಪಾಳೆಗಳಿಗೆ. ಎರಡು ನಿಮಿಷದ ವಾಯ್ಸ್ ನೋಟ್ ಅದರಲ್ಲಿ ಹಿಡಿಸುವುದಿಲ್ಲ. ಇಲ್ಲೂ ಕ್ಲಿಪ್ ಖಾತೆಯಲ್ಲಿ ಕ್ರಿಸ್ಪ್ (ಡಿಸ್ಕಾರ್ಡ್‌ನ ನಾಯ್ಸ್ ಸಪ್ರೆಶನ್) ಆಫ್ ಮಾಡುವುದನ್ನು ಮರೆಯಬಾರದು.

ಕ್ರೇಗ್ ಫ್ಲ್ಯಾಕ್, ಅಂದರೆ ದನಿಯ ಗುಣ ಕೆಡಿಸದ ಫೈಲ್, ಕೊಡುತ್ತದೆ ಅಂತ ಜಾಸ್ತಿ ಹಿಗ್ಗಬೇಡಿ. ನೆಟ್‌ನಲ್ಲಿ ಹಿಂಡಿಕೊಂಡು ಬಂದ ದನಿಯನ್ನು ಅದು ಹಾಗೇ ಇಡುತ್ತದೆ, ಅಷ್ಟೇ. ಚಾನೆಲ್‌ನ ಮಾಮೂಲಿ ಬಿಟ್‌ರೇಟ್ (ಸೆಕೆಂಡಿಗೆ ದನಿಗೆ ಸಿಗುವ ಡೇಟಾ) 64 ಕೆಬಿಪಿಎಸ್. ಮಾತಿಗೆ ಧಾರಾಳವಾಯಿತು, ಸಂಗೀತಕ್ಕೆ ಸ್ವಲ್ಪ ಬಿಗಿ. ನೆಟ್ ಎಡವಿದ ಕಡೆ ದನಿ ರೋಬೋ ಆಗಿದ್ದರೆ ಫೈಲ್‌ನಲ್ಲೂ ರೋಬೋನೇ. ಕ್ಲಿಪ್ ಮಟ್ಟಿಗೆ ನನಗೆ ಇದರ ಚಿಂತೆ ಇಲ್ಲ. ಮೂಲ ಫೈಲ್ ನನ್ನ ಹತ್ತಿರವೇ ಇದೆಯಲ್ಲ! ಕರೆಯ ಟ್ರ್ಯಾಕ್‌ನಲ್ಲಿ ಕ್ಲಿಪ್ ಎಲ್ಲಿ ಶುರುವಾಯಿತು ಅಂತ ನೋಡಿ, ಅದೇ ಜಾಗಕ್ಕೆ ಮೂಲವನ್ನು ಇಟ್ಟು, ಕರೆಯದ್ದನ್ನು ಮ್ಯೂಟ್ ಮಾಡುತ್ತೇನೆ.

ದನಿಯ ಮಟ್ಟಿಗೆ ಇವೆರಡನ್ನೂ ಹಿಂದೆ ಹಾಕುವುದು ರಿವರ್‌ಸೈಡ್. ಇದು ಬ್ರೌಸರ್‌ನಲ್ಲಿ ನಡೆಯುತ್ತದೆ. ಒಬ್ಬೊಬ್ಬರ ದನಿಯೂ ಅವರವರ ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಆಗಿ, ಮಾತಾಡುತ್ತಿರುವಾಗಲೇ ಸ್ವಲ್ಪಸ್ವಲ್ಪವಾಗಿ ಅಪ್‌ಲೋಡ್ ಆಗುತ್ತಾ ಹೋಗುತ್ತದೆ. ಕರೆಯಲ್ಲಿ ದನಿ ಒಡೆದು ಕೇಳಿದರೂ ಫೈಲ್‌ನಲ್ಲಿ ಗಟ್ಟಿಯಾಗಿರುತ್ತದೆ. ಕ್ಲಿಪ್ ಹಾಕಲು ಮೀಡಿಯಾ ಬೋರ್ಡ್ ಅಲ್ಲೇ ಇದೆ, ಬಟನ್ ಒತ್ತಿದರೆ ಎಲ್ಲರಿಗೂ ಕೇಳುತ್ತದೆ. ಹಳೆ ಲ್ಯಾಪ್‌ಟಾಪ್‌ಗೆ ರಜೆ. ಜೆನ್‌ಕ್ಯಾಸ್ಟರ್ ಕೂಡ ಇದೇ ಜಾತಿ.

ತೊಂದರೆ ಇಲ್ವಾ ಅಂದರೆ, ಇದೆ. ಕರೆ ಮುಗಿದರೂ ಅಪ್‌ಲೋಡ್ ಮುಗಿದಿರುವುದಿಲ್ಲ. ಹಿಂಡದೆ ಇಟ್ಟ ವೇವ್ ಫೈಲ್ (48 ಕಿಲೋಹರ್ಟ್ಸ್, 16 ಬಿಟ್, ಮೋನೋ) ಅಂದರೆ ಗಂಟೆಗೆ ಸುಮಾರು 345 ಎಂಬಿ. ನಿಧಾನದ ನೆಟ್ ಇರುವ ಅತಿಥಿ "ಸರಿ, ಬರ್ತೀನಿ" ಅಂತ ಟ್ಯಾಬ್ ಮುಚ್ಚಿದರೆ ಅರ್ಧ ದನಿ ಅವರ ಕಂಪ್ಯೂಟರ್‌ನಲ್ಲೇ ಉಳಿದುಬಿಡುತ್ತದೆ. ಶುರುವಿನಲ್ಲೇ ಹೇಳಿಬಿಡಬೇಕು. ಇನ್ನೊಂದು ಚೂರು ವಿಚಿತ್ರ: ಕ್ಲಿಪ್ ಅತಿಥಿಗೆ ತಲುಪಲು ಒಂದಿಷ್ಟು ಹೊತ್ತು ಬೇಕಲ್ಲ, ಅವರ ನಗು ತಿರುಗಿ ಬರಲು ಇನ್ನೊಂದಿಷ್ಟು. ಹಾಸ್ಯದ ಕ್ಲಿಪ್ ಆದರೆ ಆ ಚಿಕ್ಕ ಮೌನ ಎದ್ದು ಕಾಣುತ್ತದೆ. ನಗು ಬೇರೆ ಟ್ರ್ಯಾಕ್‌ನಲ್ಲಿದ್ದರೆ ಚೂರು ಮುಂದಕ್ಕೆ ಎಳೆದರೆ ಆಯ್ತು.

ಇದೇ ಕೆಲಸವನ್ನು ಪುಕ್ಕಟೆ ಮಾಡುವ ಹಳೇ ಪದ್ಧತಿ, ಎಲ್ಲರೂ ಅವರವರ ಕಡೆ ಆಡಾಸಿಟಿ ಅನ್ನುವ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲೋ ಫೋನ್‌ನಲ್ಲೋ ರೆಕಾರ್ಡ್ ಮಾಡಿ ಫೈಲ್ ಕಳಿಸುವುದು. ದನಿ ಚೆನ್ನಾಗಿರುತ್ತದೆ, ತಾಳ ಮಾತ್ರ ತಪ್ಪುತ್ತದೆ. ಒಂದೊಂದು ಯಂತ್ರದ ಗಡಿಯಾರವೂ ಕೂದಲೆಳೆಯಷ್ಟು ಬೇರೆ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡ್ ಸರಿಯುತ್ತದೆ. ಸಂಚಿಕೆಯ ಕೊನೆಗೆ ಬಂದರೆ ಜೋಕ್ ಮುಗಿಯುವ ಮೊದಲೇ ಒಬ್ಬರು ನಕ್ಕಿರುತ್ತಾರೆ. ಶುರುವಿಗೊಂದು, ಕೊನೆಗೊಂದು ಚಪ್ಪಾಳೆ ಹೊಡೆಸಿದರೆ ಹೊಂದಿಸಬಹುದು. ಆದರೆ ಅಷ್ಟು ಜನರಲ್ಲಿ ಒಬ್ಬರಾದರೂ ರೆಕಾರ್ಡ್ ಒತ್ತಲು ಮರೆತಿರುತ್ತಾರೆ. ನಾನು ಇದನ್ನು ಬಿಟ್ಟೆ.

ಎಲ್ಲವನ್ನೂ ನಮ್ಮ ಕಂಪ್ಯೂಟರ್‌ನಲ್ಲೇ ಬೆರೆಸುವ ದಾರಿಯೂ ಇದೆ. ಸದ್ದನ್ನು ಬೇಕಾದ ಕಡೆ ತಿರುಗಿಸಲು ವಿಂಡೋಸ್‌ಗೆ ವಾಯ್ಸ್‌ಮೀಟರ್, ಮ್ಯಾಕ್‌ಗೆ ಬ್ಲ್ಯಾಕ್‌ಹೋಲ್ ಅನ್ನುವ ಸಾಫ್ಟ್‌ವೇರ್, ರೆಕಾರ್ಡ್ ಮಾಡಲು ಒಬಿಎಸ್ ಅನ್ನುವುದು. ಒಬಿಎಸ್‌ನಲ್ಲಿ 6 ಆಡಿಯೋ ಟ್ರ್ಯಾಕ್ ಸಿಗುತ್ತವೆ. ಇಲ್ಲಿ ಕಲಿಯಲೇಬೇಕಾದ್ದು ಮಿಕ್ಸ್-ಮೈನಸ್. ಕರೆಯಲ್ಲಿರುವವರಿಗೆ ನನ್ನ ಮೈಕ್ ಮತ್ತು ಕ್ಲಿಪ್ ಹೋಗಬೇಕು, ಅವರದ್ದೇ ದನಿ ವಾಪಸ್ ಹೋಗಬಾರದು. ಒಂದು ಬಟನ್ ತಪ್ಪಿದರೆ ಎಲ್ಲರಿಗೂ ಅವರ ಮಾತೇ ಪ್ರತಿಧ್ವನಿಸುತ್ತದೆ. ಸಾಧಿಸಿದರೆ ಖುಷಿಯೇನೋ ಇದೆ. ಆದರೆ ನನ್ನ ಮೈಕ್ ಒಂದು ಟ್ರ್ಯಾಕ್, ಕ್ಲಿಪ್ ಒಂದು ಟ್ರ್ಯಾಕ್, ಅತಿಥಿಗಳೆಲ್ಲ ಸೇರಿ ಒಂದೇ ಟ್ರ್ಯಾಕ್. ಒಬ್ಬರ ಮನೆ ನಾಯಿ ಬೊಗಳಿದರೆ ನಾಲ್ವರ ಮೇಲೂ ಬೊಗಳಿದ ಹಾಗೆ. ಅತಿಥಿ ಒಬ್ಬರೇ ಇದ್ದಾಗ ಮಾತ್ರ ನಾನು ಇದನ್ನು ಬಳಸುತ್ತೇನೆ.

ಈಗ ಹೊರಗಿನ ಅತಿಥಿ ಬಂದರೆ ರಿವರ್‌ಸೈಡ್, ನಾವು ನಾವೇ ಆದರೆ ಡಿಸ್ಕಾರ್ಡ್, ಕ್ರೇಗ್ ಮತ್ತು ಕ್ಲಿಪ್ ಕುರ್ಚಿ. ಲಿಂಕ್ ಒತ್ತುವುದಷ್ಟೇ ಗೊತ್ತಿರುವವರಿಗೆ ಜೂಮ್.

ಸ್ನೇಹಿತರ ಹತ್ತಿರ ಇರುವ ಪಾಡ್‌ಟ್ರ್ಯಾಕ್ ಪಿ4 ಅನ್ನುವ ಪಾಡ್‌ಕಾಸ್ಟ್ ರೆಕಾರ್ಡರ್ ಯಂತ್ರವನ್ನೂ ನೋಡಿದೆ. ತಯಾರಕರ ಹೆಸರು ಜೂಮ್, ಆದರೆ ಕರೆ ಆಪ್‌ನ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ನಾಲ್ಕು ಮೈಕ್ ಸೇರಿಸಬಹುದು, ಕ್ಲಿಪ್‌ಗೆ ನಾಲ್ಕು ಪ್ಯಾಡ್ ಇವೆ, ಮಿಕ್ಸ್-ಮೈನಸ್ ಒಳಗೇ ಇದೆ, ಎಸ್‌ಡಿ ಕಾರ್ಡ್‌ಗೆ ಬೇರೆ ಬೇರೆ ಟ್ರ್ಯಾಕ್ ಬರೆಯುತ್ತದೆ. ಪ್ಯಾಡ್ ಮೇಲೆ ಬೆರಳಿಟ್ಟು ಸರಿಯಾದ ಕ್ಷಣಕ್ಕೆ ಕ್ಲಿಪ್ ಬಿಡುವ ಮಜಾ ಮೌಸ್‌ನಲ್ಲಿ ಬರುವುದಿಲ್ಲ. ಆದರೆ ಇಲ್ಲೂ ಕರೆಯಲ್ಲಿರುವವರೆಲ್ಲ ಒಂದೇ ಚಾನೆಲ್‌ನಲ್ಲಿ ಬರುತ್ತಾರೆ. ಮೂವರು ಒಂದೇ ಮೇಜಿಗೆ ಕೂತು, ನಾಲ್ಕನೆಯವರು ಮಾತ್ರ ಫೋನ್‌ನಲ್ಲಿ ಬರುವ ತಂಡಕ್ಕೆ ಇದು ಹೇಳಿ ಮಾಡಿಸಿದ್ದು. ನಮ್ಮ ಮೇಜಿಗೆ ಕೂರುವುದು ನಾನೊಬ್ಬನೇ.