ಕನ್ನಡ ಮ್ಯಾನ್ಯುಯಲ್‌ಗೆ ಯಾವ ಫಾಂಟ್? ನೋಟೊ, ಅನೇಕ್, ಬಲೂ, ಟಿರೊ ನಾಲ್ಕನ್ನೂ ಹಾಕಿ ನೋಡಿದ್ದು

ಕನ್ನಡ ಫಾಂಟ್ ಅಂದ ತಕ್ಷಣ ಎಲ್ಲರೂ ಪೋಸ್ಟರ್, ಲಗ್ನಪತ್ರಿಕೆ, ಸಿನಿಮಾ ಟೈಟಲ್ ಬಗ್ಗೆ ಮಾತಾಡುತ್ತಾರೆ. ನನಗೆ ಬೇಕಾಗಿದ್ದು ಅದಲ್ಲ. ಲಿನಕ್ಸ್ ಹಾಕಿಕೊಳ್ಳುವುದು ಹೇಗೆ, ಗಿಟ್‌ನಲ್ಲಿ ಬ್ರಾಂಚ್ ಮಾಡುವುದು ಹೇಗೆ, ಪೈಥಾನ್ ಎರರ್ ಬಂದರೆ ಎಲ್ಲಿ ನೋಡಬೇಕು ಅಂತ ಕನ್ನಡದಲ್ಲಿ ಬರೆದ ಪುಟಗಳು, ಅದನ್ನು ಓದುವವರು ಒಂದು ಕಣ್ಣು ಟರ್ಮಿನಲ್ ಮೇಲಿಟ್ಟು ಇನ್ನೊಂದು ಕಣ್ಣಲ್ಲಿ ಪುಟ ನೋಡುತ್ತಿರುತ್ತಾರೆ. ಅಂಥ ಪುಟಕ್ಕೆ ಯಾವ ಫಾಂಟ್ ಸರಿ ಅಂತ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2, ಟಿರೊ ಕನ್ನಡ ಈ ನಾಲ್ಕನ್ನೂ ಒಂದೇ ಮ್ಯಾನ್ಯುಯಲ್‌ಗೆ ಹಾಕಿ ನೋಡಿದೆ. ನಾಲ್ಕೂ ಓಪನ್ ಫಾಂಟ್ ಲೈಸೆನ್ಸ್‌ನವು, ನಾಲ್ಕೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ಹಾಗಾಗಿ ದುಡ್ಡಿನ ಪ್ರಶ್ನೆ ಇಲ್ಲ.

ಒಂದು ವಿಷಯ ಮೊದಲೇ ಹೇಳಬೇಕು. ಮ್ಯಾನ್ಯುಯಲ್‌ನ ಕನ್ನಡ ಕತೆ ಪುಸ್ತಕದ ಕನ್ನಡ ಅಲ್ಲ. ಇಲ್ಲಿ ಸಾಲು ಸಾಲಿಗೂ ಸ್ಕ್ರಿಪ್ಟ್, ಡಿಸ್ಟ್ರಿಬ್ಯೂಷನ್, ಎನ್‌ಕ್ರಿಪ್ಷನ್, ರಿಜಿಸ್ಟ್ರಿ ಥರದ ಪದಗಳು. ಅಂದರೆ ಒತ್ತಕ್ಷರ ಜಾಸ್ತಿ, ಅದರಲ್ಲೂ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವುದು ಜಾಸ್ತಿ. ಫಾಂಟ್ ಮಾರುವ ಪುಟದಲ್ಲಿ ‘ಕನ್ನಡ ನಾಡು’ ಅಂತ ದೊಡ್ಡದಾಗಿ ಬರೆದು ತೋರಿಸಿದರೆ ಎಲ್ಲಾ ಫಾಂಟೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ‘ಡಿಸ್ಟ್ರಿಬ್ಯೂಷನ್’ ಅಂತ 15 ಪಿಕ್ಸೆಲ್‌ನಲ್ಲಿ ಬರೆದು, ಅದರ ಕೆಳಗಿನ ಸಾಲಿನಲ್ಲಿ ‘ಕೀಲಿ’ ‘ಮಿತಿ’ ಥರ ಮೇಲೆ ಗುಡಿಸು ಇರುವ ಪದ ಇಟ್ಟು ನೋಡಿ. ಆಗ ಗೊತ್ತಾಗುತ್ತದೆ ಯಾರು ಎಷ್ಟು ಜಾಗ ಕೇಳುತ್ತಾರೆ ಅಂತ.

ನೋಟೊ ಸಾನ್ಸ್ ಕನ್ನಡದಿಂದ ಶುರು ಮಾಡುತ್ತೇನೆ, ಯಾಕೆಂದರೆ ಬಹಳ ಜನ ಗೊತ್ತಿಲ್ಲದೆಯೇ ಇದನ್ನು ದಿನಾ ಓದುತ್ತಿದ್ದಾರೆ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಕನ್ನಡ ಕಾಣುವುದು ನೋಟೊದಲ್ಲೇ. ಅಕ್ಷರಗಳು ಸಪ್ಪೆ ಅಂತ ದೂರುವವರಿದ್ದಾರೆ. ನನಗೆ ಮ್ಯಾನ್ಯುಯಲ್‌ನಲ್ಲಿ ಆ ಸಪ್ಪೆತನವೇ ಬೇಕು. ವೇರಿಯಬಲ್ ಫಾಂಟ್ ಆದ್ದರಿಂದ ತೂಕವನ್ನು, ಅಂದರೆ ಅಕ್ಷರದ ದಪ್ಪವನ್ನು, 100ರಿಂದ 900ರವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇದು ಸುಮ್ನೆ ಶೋಕಿಗೆ ಅಲ್ಲ. ಕನ್ನಡದಲ್ಲಿ 700ರ ಬೋಲ್ಡ್ ಸಣ್ಣ ಅಳತೆಯಲ್ಲಿ ಕಷ್ಟ: ‘ದ’ಕ್ಕೂ ‘ಧ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಅದು ಮುಚ್ಚಿಹೋಗುತ್ತದೆ. ‘ಪ’ ‘ಷ’ ‘ಫ’ಗಳ ಕತೆಯೂ ಅದೇ. ಪ್ಯಾರಾ ಮಧ್ಯೆ ಒತ್ತಿ ಹೇಳಬೇಕಾದ ಪದಕ್ಕೆ ನಾನು 600 ಇಟ್ಟೆ, ಸರಿಹೋಯಿತು. ಫೋನಿನ ಪರದೆಯಲ್ಲೂ ಸೀಳು ತೆರೆದೇ ಇತ್ತು.

ಅನೇಕ್ ಕನ್ನಡ ಫಾಂಟ್ ಮಾಡುವ ಏಕ್ ಟೈಪ್ ಸಂಸ್ಥೆಯವರದ್ದು. ಒಂಬತ್ತು ಭಾರತೀಯ ಲಿಪಿಗಳಿಗೆ ಮತ್ತು ರೋಮನ್‌ಗೆ ಒಟ್ಟಿಗೆ ಮಾಡಿದ ಕುಟುಂಬ. ಇದರಲ್ಲಿ ತೂಕ 100ರಿಂದ 800, ಅದರ ಜತೆ ಅಗಲವನ್ನೂ ಶೇ. 75ರಿಂದ 125ರವರೆಗೆ ಬದಲಿಸಬಹುದು. ನೋಟೊದಲ್ಲೂ ಅಗಲದ ಹಿಡಿತ ಇದೆ, ಅದು ಶೇ. 62.5ರವರೆಗೆ ಕಿರಿದಾಗುತ್ತದೆ. ಆದರೆ ಕಿರಿದಾಗಿಸಿ ನೋಡಿದರೆ ನನ್ನ ಕಣ್ಣಿಗೆ ಅನೇಕ್‌ನದ್ದೇ ಮೇಲು. ನೋಟೊವನ್ನು ಪೂರ್ತಿ ಹಿಂಡಿದಾಗ ಒತ್ತುಗಳು ಪಕ್ಕದ ಅಕ್ಷರಕ್ಕೆ ಒರಗಿಕೊಂಡ ಹಾಗೆ ಕಾಣುತ್ತವೆ, ಅನೇಕ್ 75ರಲ್ಲಿ ಅದು ಅಷ್ಟಾಗಿ ಇಲ್ಲ. ಈ ಅಗಲದ ಆಟ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂದರೆ ಟೇಬಲ್‌ನಲ್ಲಿ. ಇಂಗ್ಲಿಷ್‌ನಲ್ಲಿ ‘ಡಿಫಾಲ್ಟ್’ ಅಂತ ಒಂದೇ ಪದದ ಕಾಲಂ ತಲೆಬರಹ ಕನ್ನಡದಲ್ಲಿ ‘ಪೂರ್ವನಿಯೋಜಿತ ಮೌಲ್ಯ’ ಆಗಿ ಕೂರುತ್ತದೆ, ಫೋನಿನಲ್ಲಿ ಟೇಬಲ್ ಪರದೆ ದಾಟಿ ಓಡುತ್ತದೆ. ಟೇಬಲ್‌ಗೆ ಮಾತ್ರ ಅನೇಕ್‌ನ ಅಗಲ 85 ಕೊಟ್ಟ ಮೇಲೆ ಅಡ್ಡ ಸ್ಕ್ರೋಲ್ ಮಾಡುವುದು ಬಹುಮಟ್ಟಿಗೆ ತಪ್ಪಿತು. ಎಡಗಡೆಯ ಅಧ್ಯಾಯಗಳ ಪಟ್ಟಿಗೂ ಅದನ್ನೇ ಹಾಕಿದೆ. ಆದರೆ ಇಡೀ ಪ್ಯಾರಾಗಳನ್ನು ಅನೇಕ್‌ನಲ್ಲಿ ಓದಿದಾಗ ಸ್ವಲ್ಪ ಹೊತ್ತಿಗೇ ಬೇಸರ ಬರುತ್ತದೆ. ಅಕ್ಷರಗಳಿಗೆ ಒಂದು ಚೌಕಾಕಾರದ ಗತ್ತು ಇದೆ, ಅದು ಹೆಡ್ಡಿಂಗ್‌ಗೆ ಒಪ್ಪುತ್ತದೆ, ಉದ್ದ ವಿವರಣೆಗೆ ಅಷ್ಟು ಒಪ್ಪುವುದಿಲ್ಲ.

ಬಲೂ ತಮ್ಮ 2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದೂ ಏಕ್ ಟೈಪ್‌ನದ್ದೇ, ತೂಕ 400ರಿಂದ 800. ಗುಂಡಗೆ, ತುಂಬಿಕೊಂಡು, ನೋಡಲು ಮುದ್ದಾಗಿದೆ, ಮಕ್ಕಳಿಗೆ ಸ್ಕ್ರ್ಯಾಚ್ ಕಲಿಸುವ ಪುಟ ಮಾಡುವವರು ಕಣ್ಣುಮುಚ್ಚಿ ಹಾಕಬಹುದು. ಆದರೆ ‘ಎಚ್ಚರಿಕೆ: ಈ ಆಜ್ಞೆ ಡಿಸ್ಕಿನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ’ ಅನ್ನುವ ಸಾಲು ಈ ಫಾಂಟ್‌ನಲ್ಲಿ ಹುಟ್ಟುಹಬ್ಬದ ಕರೆಯೋಲೆ ಥರ ಕಾಣುತ್ತದೆ. 13 ಪಿಕ್ಸೆಲ್‌ಗೆ ಇಳಿಸಿದರೆ ಮಹಾಪ್ರಾಣದ ಸೀಳುಗಳು ಮಂಕಾಗುತ್ತವೆ. ಅಲ್ಲಿಗೆ ಬಿಟ್ಟೆ.

ಟಿರೊ ಕನ್ನಡ ನಾಲ್ಕರಲ್ಲಿ ಚೆಂದದ್ದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗೆಂದು ಟಿರೊ ಟೈಪ್‌ವರ್ಕ್ಸ್‌ನವರು ಮಾಡಿದ ಅಕ್ಷರಗಳಿಂದ ಬಂದದ್ದು, ಹಳೆಗನ್ನಡದ ಪದ್ಯ ಅಚ್ಚು ಹಾಕಲು ಬೇಕಾದ ಗಾಂಭೀರ್ಯ ಇದೆ. ದಪ್ಪ ತೆಳುವಿನ ಏರಿಳಿತ, ತಲೆಕಟ್ಟಿನ ಬಾಗು, ಒತ್ತುಗಳು ಕೂರುವ ರೀತಿ ಎಲ್ಲವೂ ಮೊಳೆ ಜೋಡಿಸಿದ ಹಳೆಯ ಪುಸ್ತಕದ ನೆನಪು ತರುತ್ತವೆ. ಇಷ್ಟೆಲ್ಲ ಇದ್ದೂ ಮ್ಯಾನ್ಯುಯಲ್‌ಗೆ ಎರಡು ಕಡೆ ತೊಡಕು. ಒಂದು, ತೂಕ ಒಂದೇ. ಬೋಲ್ಡ್ ಇಲ್ಲ. ಬೋಲ್ಡ್ ಇಲ್ಲದ ಫಾಂಟ್‌ಗೆ ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರದ ಅಂಚನ್ನು ಉಬ್ಬಿಸಿ ನಕಲಿ ಬೋಲ್ಡ್ ಮಾಡಿಕೊಡುತ್ತದೆ, ಟಿರೊದ ತೆಳು ಗೆರೆಗಳ ಮೇಲೆ ಅದು ಮಸಿ ಹರಡಿದ ಹಾಗೆ. ಇನ್ನೊಂದು, ಪಕ್ಕದಲ್ಲಿ ಕೂರುವ ಕೋಡ್. ರೋಬೊಟೊ ಮೋನೊ ಅಥವಾ ಜೆಟ್‌ಬ್ರೇನ್ಸ್ ಮೋನೊದಂಥ ಒಂದೇ ದಪ್ಪದ ಅಕ್ಷರಗಳ ಪಕ್ಕ ಟಿರೊ ಬೇರೆ ಕಾಲದಿಂದ ಬಂದವರ ಹಾಗಿರುತ್ತದೆ. ಕೋಡ್ ಕಡಿಮೆ ಇರುವ ಪುಟಗಳಲ್ಲಿ, ಅಂದರೆ ಮುನ್ನುಡಿ, ಹಿನ್ನೆಲೆ, ‘ಈ ತಂತ್ರಾಂಶ ಯಾಕೆ’ ಥರದ ಅಧ್ಯಾಯಗಳಲ್ಲಿ, 18 ಪಿಕ್ಸೆಲ್‌ಗೆ ಏರಿಸಿ ಹಾಕಿದರೆ ಓದುವ ಸುಖವೇ ಬೇರೆ. ಅಲ್ಲಿ ಉಳಿಸಿಕೊಂಡಿದ್ದೇನೆ.

ಇಟಾಲಿಕ್ ವಿಷಯಕ್ಕೆ ಬರೋಣ, ಇಲ್ಲಿ ನಾಲ್ಕೂ ಫಾಂಟ್‌ಗಿಂತ ಥೀಮ್‌ಗಳ ಜತೆಗೇ ಜಗಳ ಜಾಸ್ತಿ. ಡಾಕ್ಯುಮೆಂಟೇಶನ್ ಥೀಮ್‌ಗಳೆಲ್ಲ, ಅಂದರೆ ಪುಟದ ಸಿದ್ಧ ವಿನ್ಯಾಸಗಳೆಲ್ಲ, ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಒತ್ತಿ ಹೇಳಬೇಕಾದ್ದನ್ನು ವಾಲಿಸುತ್ತವೆ. ಕನ್ನಡ ಅಚ್ಚಿನಲ್ಲಿ ವಾಲಿಸಿ ಒತ್ತಿ ಹೇಳುವ ರೂಢಿ ಅಷ್ಟಾಗಿ ಇಲ್ಲ. ನೋಟೊ, ಅನೇಕ್, ಬಲೂ ಮೂರರಲ್ಲೂ ಇಟಾಲಿಕ್ ಇಲ್ಲ, ಹಾಗಾಗಿ ಬ್ರೌಸರ್ ಇದ್ದ ಅಕ್ಷರವನ್ನೇ ಓರೆಯಾಗಿ ನೂಕುತ್ತದೆ, ದುಂಡಕ್ಷರ ಮೊಟ್ಟೆ ಆಗುತ್ತದೆ. ಟಿರೊದಲ್ಲಿ ಇಟಾಲಿಕ್ ಇದೆ, ನಿಜ, ಆದರೂ ಅದನ್ನು ಸೂಚನೆಗಳ ಮಧ್ಯೆ ಬಳಸಬೇಕು ಅಂತ ನನಗೆ ಅನಿಸಲಿಲ್ಲ. ನಾನು ಮಾಡಿದ್ದು ಇಷ್ಟು: ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ಅನ್ನು ನನ್ ಅಂತ ಕೊಟ್ಟು ನಕಲಿ ಓರೆ, ನಕಲಿ ದಪ್ಪ ಎರಡನ್ನೂ ನಿಲ್ಲಿಸಿದೆ, ಆಮೇಲೆ ಕನ್ನಡ ಪುಟಗಳಿಗೆ ಮಾತ್ರ ಒತ್ತಿ ಹೇಳುವುದು ಅಂದರೆ 600 ತೂಕ ಅಂತ ಬರೆದೆ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್‌ನಲ್ಲಿ ಗುರುತು ಹಾಕಿದ್ದರೆ ಭಾಷೆಯ ಮೇಲೆಯೇ ನಿಯಮ ಬರೆಯಬಹುದು, ಇಂಗ್ಲಿಷ್ ಪುಟಗಳು ಹಾಳಾಗುವುದಿಲ್ಲ.

ಸಾಲುಗಳ ನಡುವಿನ ಅಂತರ ಇದಕ್ಕಿಂತ ಮುಖ್ಯ. ಮ್ಯಾನ್ಯುಯಲ್ ಪುಟ ಕಟ್ಟುವ ಸಾಧನಗಳಲ್ಲಿ ಡಾಕ್ಯುಸಾರಸ್‌ನ ಮೂಲ ಲೈನ್-ಹೈಟ್ 1.65, ಎಂಕೆಡಾಕ್ಸ್ ಮೆಟೀರಿಯಲ್‌ನದ್ದು 1.6. ಇಂಗ್ಲಿಷ್‌ಗೆ ಧಾರಾಳ. ಕನ್ನಡದಲ್ಲಿ 1.6ಕ್ಕೆ ನೋಟೊ ಹೇಗೋ ತಡೆದುಕೊಳ್ಳುತ್ತದೆ, ಟಿರೊ ತಡೆದುಕೊಳ್ಳುವುದಿಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಮುತ್ತಿಕ್ಕುತ್ತದೆ. ನೋಟೊಗೆ 1.8, ಟಿರೊಗೆ 1.9 ಕೊಟ್ಟ ಮೇಲೆ ನೆಮ್ಮದಿ. ಹೆಡ್ಡಿಂಗ್‌ಗಳಲ್ಲಿ ಥೀಮ್‌ಗಳು 1.3ರ ಆಸುಪಾಸಿಗೆ ಇಳಿಸಿರುತ್ತವೆ, ಎರಡು ಸಾಲಿನ ಕನ್ನಡ ಹೆಡ್ಡಿಂಗ್ ಬಂದರೆ ಅಲ್ಲಿ ಪೂರ್ತಿ ಡಿಕ್ಕಿ. ಅದನ್ನೂ 1.5 ಮಾಡಿ. ಹೆಡ್ಡಿಂಗ್ ಅಕ್ಷರಗಳನ್ನು ಹತ್ತಿರ ತರಲು ಲೆಟರ್-ಸ್ಪೇಸಿಂಗ್ ಮೈನಸ್ ಇಟ್ಟಿರುವ ಥೀಮ್‌ಗಳೂ ಇವೆ, ಅದನ್ನು ಸೊನ್ನೆ ಮಾಡಿ. ಬಟನ್‌ಗಳಲ್ಲಿ ಪ್ಲಸ್ ಇಟ್ಟಿದ್ದರೆ ಅದನ್ನೂ ಸೊನ್ನೆ ಮಾಡಿ, ಕನ್ನಡ ಪದ ಬಿಡಿ ಬಿಡಿಯಾಗಿ ಬಿದ್ದುಹೋಗುತ್ತದೆ.

ಎಡಗಡೆಯ ಪಟ್ಟಿಯಲ್ಲಿ ಇನ್ನೊಂದು ಕಾಟ. ಉದ್ದ ಶೀರ್ಷಿಕೆಗೆ ಮೂರು ಚುಕ್ಕಿ ಹಾಕಿ ಕತ್ತರಿಸಲು ಹೊರಗೆ ಹೋಗುವುದನ್ನೆಲ್ಲ ಮರೆಮಾಡುವ ನಿಯಮ ಇರುತ್ತದೆ. ಅದು ಬಲಗಡೆ ಮಾತ್ರ ಕತ್ತರಿಸುವುದಿಲ್ಲ, ಕೆಳಗಡೆ ಒತ್ತಿನ ಬಾಲವನ್ನೂ ಕತ್ತರಿಸುತ್ತದೆ. ‘ಸ್ಕ್ರಿಪ್ಟ್’ ಅನ್ನುವುದು ‘ಸ್ಕಿಪ್ಟ್’ ಥರ ಕಂಡರೆ ಫಾಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಪಟ್ಟಿಯ ಲೈನ್-ಹೈಟ್ ಏರಿಸಿ, ಇಲ್ಲ ಕೆಳಗೆ ಸ್ವಲ್ಪ ಪ್ಯಾಡಿಂಗ್ ಕೊಡಿ. ಅನೇಕ್‌ನಲ್ಲಿ ಈ ತೊಂದರೆ ಕಡಿಮೆ ಕಂಡಿತು, ಅದೂ ಪಟ್ಟಿಗೆ ಅನೇಕ್ ಆರಿಸಲು ಒಂದು ಕಾರಣ.

ಲಿಂಕ್‌ಗಳ ಅಡಿಗೆರೆಯೂ ಹೀಗೇ. ಬ್ರೌಸರ್‌ಗಳು ಅಕ್ಷರ ಅಡ್ಡ ಬಂದ ಕಡೆ ಗೆರೆ ಬಿಟ್ಟು ಎಳೆಯುತ್ತವೆ, ಒತ್ತು ತುಂಬಿದ ಕನ್ನಡ ಪದದ ಕೆಳಗೆ ಗೆರೆ ಚೂರು ಚೂರು. ಗೆರೆಯನ್ನು 0.35 ಎಮ್‌ನಷ್ಟು, ಅಂದರೆ ಅಕ್ಷರದ ಅಳತೆಯ ಮೂರನೇ ಒಂದರಷ್ಟು, ಕೆಳಗೆ ತಳ್ಳಿ ನೋಡಿದೆ, ನೋಟೊದಲ್ಲಿ ಬಹುತೇಕ ಸರಿಹೋಯಿತು, ಟಿರೊದಲ್ಲಿ ಅರ್ಧ.

ಈಗ ಕೋಡ್ ಬ್ಲಾಕ್. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಅನ್ನುವ ಲೆಕ್ಕ ಕನ್ನಡಕ್ಕೆ ಕೂರುವುದೇ ಇಲ್ಲ. ಕೋಡ್ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಕೋಡ್ ನಡುವಿನ ಟಿಪ್ಪಣಿಯನ್ನು, ಅಂದರೆ ಕಾಮೆಂಟನ್ನು, ಕನ್ನಡದಲ್ಲಿ ಬರೆದರೆ ಬ್ರೌಸರ್ ಕೈಗೆ ಸಿಕ್ಕ ಫಾಂಟ್ ತರುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಪಲ್‌ನಲ್ಲಿ ಇನ್ನೊಂದು. ಅದಕ್ಕೆ ಕೋಡ್ ಫಾಂಟ್‌ನ ಹೆಸರಾದ ಮೇಲೆ ನೋಟೊ ಸಾನ್ಸ್ ಕನ್ನಡವನ್ನು ನಾವೇ ಬರೆದುಬಿಡುವುದು ಒಳ್ಳೆಯದು. ಇಲ್ಲಿ ನೋಟೊಗೆ ಎದುರಾಳಿಯೇ ಇಲ್ಲ. ಬಲೂ ಹಾಕಿದರೆ ಕಾಮೆಂಟ್ ಕೋಡ್‌ಗಿಂತ ಜೋರಾಗಿ ಕಿರುಚುತ್ತದೆ, ಟಿರೊ ಹಾಕಿದರೆ ಮಸುಕು ಬೂದು ಬಣ್ಣದಲ್ಲಿ ತೆಳು ಗೆರೆಗಳು ಮಾಯ. ಕಾಮೆಂಟನ್ನು ಓರೆ ಮಾಡುವ ಬಣ್ಣದ ಥೀಮ್‌ಗಳಿದ್ದರೆ ಆ ಓರೆಯನ್ನೂ ತೆಗೆದುಬಿಡಿ. ಬಾಣ ಗುರುತು ಹಾಕಿ ಕಾಮೆಂಟ್‌ಗಳನ್ನು ಒಂದೇ ಕಂಬಕ್ಕೆ ಸಾಲಾಗಿ ನಿಲ್ಲಿಸುವ ಆಸೆ ಬಿಡಬೇಕು, ಕಾಮೆಂಟನ್ನು ಕೋಡ್‌ನ ಮೇಲಿನ ಸಾಲಿಗೆ ಎತ್ತಿದರೆ ಆಯಿತು.

ಅಂಕಿಗಳ ಬಗ್ಗೆ ಒಂದು ಮಾತು. ನಾಲ್ಕೂ ಫಾಂಟ್‌ನಲ್ಲಿ ಕನ್ನಡ ಅಂಕಿಗಳಿವೆ, ಆದರೂ ಮ್ಯಾನ್ಯುಯಲ್‌ನಲ್ಲಿ 0, 1, 2ನ್ನೇ ಬಳಸಿ. ಕನ್ನಡ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ಹೇಳುವುದು ಕಷ್ಟ, ಪೋರ್ಟ್ ನಂಬರ್ 8080ನ್ನು ಓದುಗರು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕುತ್ತಾರೆ.

ಕಣ್ಣಿಗೆ ಕಾಣದ ಒಂದು ಅಕ್ಷರವೂ ಇದೆ, ಯೂನಿಕೋಡ್‌ನ 200ಸಿ. ‘ಸರ್ವರ್‌ನಲ್ಲಿ’ ‘ಲಿನಕ್ಸ್‌ನಲ್ಲಿ’ ಅಂತ ಬಿಡಿಸಿ ಕಾಣುವುದು ಅದರಿಂದಲೇ. ಫೈಲ್‌ಗಳನ್ನು ಸ್ವಚ್ಛ ಮಾಡುವ ಯಾವುದಾದರೂ ಸ್ಕ್ರಿಪ್ಟ್ ಅದನ್ನು ಕಿತ್ತುಹಾಕಿದರೆ ‘ಸರ್ವರ್ನಲ್ಲಿ’ ‘ಲಿನಕ್ಸ್ನಲ್ಲಿ’ ಆಗಿ ಒತ್ತಿನ ಗೋಪುರ ಎದ್ದು ನಿಲ್ಲುತ್ತದೆ, ಆಗ ಯಾವ ಫಾಂಟ್ ಹಾಕಿದರೂ ಓದಲು ಕಷ್ಟವೇ.

ಸದ್ಯ ನನ್ನ ಪುಟಗಳಲ್ಲಿ ಇರುವುದು ಹೀಗೆ: ಪ್ಯಾರಾ ಮತ್ತು ಕೋಡ್ ಕಾಮೆಂಟ್ ನೋಟೊ, ಹೆಡ್ಡಿಂಗ್, ಟೇಬಲ್, ಪಕ್ಕದ ಪಟ್ಟಿ ಅನೇಕ್, ಮುನ್ನುಡಿ ಟಿರೊ. ಮೂರು ಫಾಂಟ್ ಇಳಿಸುವುದು ಹಳ್ಳಿಯ ನೆಟ್‌ವರ್ಕ್‌ನಲ್ಲಿ ಭಾರ ಅನ್ನುವವರು ಮೊದಲು ಟಿರೊ ಬಿಡಿ, ಆಮೇಲೆ ಅನೇಕ್ ಬಿಡಿ. ಕನ್ನಡ ಫಾಂಟ್‌ಗಳಲ್ಲಿ ಒತ್ತಕ್ಷರದ ರೂಪಗಳೇ ರಾಶಿ ಇರುವುದರಿಂದ ಬರೀ ರೋಮನ್ ಅಕ್ಷರದ ಫಾಂಟ್‌ಗಿಂತ ಫೈಲ್ ದೊಡ್ಡದಾಗಿಯೇ ಇರುತ್ತದೆ. ಫಾಂಟ್ ಬರುವವರೆಗೆ ಕಾಯಿಸದೆ ಫೋನಿನ ಸ್ವಂತ ಕನ್ನಡದಲ್ಲಿ ಪುಟ ತೋರಿಸಲು ಫಾಂಟ್-ಡಿಸ್‌ಪ್ಲೇಗೆ ಸ್ವಾಪ್ ಅಂತ ಕೊಡಿ. ಆಂಡ್ರಾಯ್ಡ್‌ನಲ್ಲಿ ಆ ಸ್ವಂತ ಕನ್ನಡವೂ ಬಹುತೇಕ ನೋಟೊನೇ ಆಗಿರುವುದರಿಂದ, ಪ್ಯಾರಾಗಳಲ್ಲಿ ಬದಲಾದದ್ದು ಓದುಗರಿಗೆ ಗೊತ್ತೂ ಆಗುವುದಿಲ್ಲ.