ಒಂದೇ ವಿಮಾನ, ಎರಡು ಸೈಟು: ಅಪ್ಪ ಅಮ್ಮನ ಅಮೆರಿಕ ಟಿಕೆಟ್ ಎಲ್ಲಿ ತೆಗೆದೆ, ಯಾಕೆ

ಮೊದಲೇ ಹೇಳಿಬಿಡುತ್ತೇನೆ. ಇನ್ಮೇಲೆ ದೂರದ ವಿಮಾನಕ್ಕೆ ಟಿಕೆಟ್ ತೆಗೆಯುವಾಗ ನಾನು ಮೊದಲು ತೆರೆಯುವುದು ವಿಮಾನ ಹಾರಿಸುವ ಕಂಪನಿಯ ಸೈಟನ್ನಲ್ಲ, ಅದರ ಪಾಲುದಾರ ಕಂಪನಿಯ ಸೈಟನ್ನು. ಅಪ್ಪ ಅಮ್ಮನ ಟಿಕೆಟ್‌ನಲ್ಲಿ ಎಲ್ಲ ಖರ್ಚು ಕಳೆದ ಮೇಲೂ ಹದಿನೆಂಟು ಸಾವಿರ ಉಳಿಯಿತು. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡೆ. ಅದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಅದೊಂದು ಮೊದಲೇ ಗೊತ್ತಿದ್ದರೆ ಉಳಿದದ್ದು ಸಲೀಸು.

ಅಕ್ಕ ಇರುವುದು ಶಿಕಾಗೋದಲ್ಲಿ. ಕಳೆದ ವರ್ಷ ದಸರಾ ಮುಗಿದ ಮೇಲೆ ಅವಳ ಹೆರಿಗೆ ಇತ್ತು. ಬಾಣಂತನಕ್ಕೆ ಅಮ್ಮ ಹೋಗಲೇಬೇಕು, ಅಮ್ಮ ಹೋದರೆ ಅಪ್ಪ ಒಬ್ಬರೇ ಇರುವುದಿಲ್ಲ. ನನ್ನದು ದಾವಣಗೆರೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುಗ್ಗಿಯಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ಅಷ್ಟಕ್ಕಷ್ಟೆ. ಎರಡೂಕಾಲು ಲಕ್ಷದ ಟಿಕೆಟ್ ಅಂದರೆ ನಮ್ಮ ಮನೆಗೆ ಸಣ್ಣ ಮಾತಲ್ಲ. ಹುಬ್ಬಳ್ಳಿ, ಶಿವಮೊಗ್ಗ ವಿಮಾನ ನಿಲ್ದಾಣ ನಮಗೆ ಹತ್ತಿರವೇ, ಆದರೆ ಅಲ್ಲಿಂದ ವಿದೇಶಕ್ಕೆ ವಿಮಾನ ಇಲ್ಲ. ಹಾಗಾಗಿ ಬೆಂಗಳೂರಿಂದ ಯುರೋಪ್, ಅಲ್ಲಿ ವಿಮಾನ ಬದಲಿಸಿ ಶಿಕಾಗೋ.

ಒಂದೇ ಗಿರಣಿಯ ಪಂಚೆ ಮಂಡಿಪೇಟೆಯ ಎರಡು ಅಂಗಡಿಯಲ್ಲಿ ಎರಡು ರೇಟಿಗೆ ಸಿಗುತ್ತದೆ, ಅಲ್ವಾ? ಇದೂ ಹಾಗೇ. ಒಂದು ಕಂಪನಿ ಹಾರಿಸುವ ವಿಮಾನಕ್ಕೆ ಇನ್ನೊಂದು ಕಂಪನಿ ತನ್ನ ನಂಬರು ಹಾಕಿ ಟಿಕೆಟ್ ಮಾರುತ್ತದೆ. ಇದಕ್ಕೆ ಕೋಡ್‌ಶೇರ್ ಅನ್ನುತ್ತಾರೆ. ಇಂಥ ಕಂಪನಿಗಳು ಹೆಚ್ಚಾಗಿ ಮೂರು ಗುಂಪಾಗಿವೆ. 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್‌ನಲ್ಲಿ ಲುಫ್ತಾನ್ಸಾ, ಯುನೈಟೆಡ್ ಇವೆ, 2014ರಿಂದ ನಮ್ಮ ಏರ್ ಇಂಡಿಯಾ ಕೂಡ ಇದೆ. ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಕತಾರ್. ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ. ವಿಮಾನ ಅದೇ, ಸೀಟು ಅದೇ, ಊಟವೂ ಅದೇ. ರೇಟು ಮಾತ್ರ ಒಬ್ಬೊಬ್ಬರದು ಒಂದೊಂದು, ಯಾಕೆಂದರೆ ಒಂದೇ ಎಕಾನಮಿ ಕ್ಲಾಸಿನ ಒಳಗೇ ಹತ್ತಾರು ದರದ ಕಟ್ಟುಗಳಿರುತ್ತವೆ, ಅಂದರೆ ಒಂದೊಂದು ದರಕ್ಕೆ ಇಷ್ಟಿಷ್ಟು ಸೀಟು ಅಂತ. ಹಾರಿಸುವವರ ಹತ್ತಿರ ಅಗ್ಗದ ಕಟ್ಟು ಖಾಲಿಯಾಗಿದ್ದರೂ ಪಾಲುದಾರರ ಹತ್ತಿರ ಇನ್ನೂ ಉಳಿದಿರಬಹುದು. ಉಲ್ಟಾ ಆಗುವುದೂ ಉಂಟು, ಅದಕ್ಕೇ ಎರಡೂ ಕಡೆ ನೋಡಬೇಕು.

ನಾನು ಮೂರು ಕಡೆ ನೋಡಿದೆ, ಒಂದೇ ದಿನ, ಒಂದೇ ವಿಮಾನಕ್ಕೆ, ಹೋಗಿ ಬರುವ ಟಿಕೆಟ್. ಹಾರಿಸುವ ಯುರೋಪ್ ಕಂಪನಿಯ ಸೈಟಿನಲ್ಲಿ ಒಬ್ಬರಿಗೆ 1,18,400 ರೂಪಾಯಿ. ಅದರ ಪಾಲುದಾರ ಅಮೆರಿಕದ ಕಂಪನಿಯ ಸೈಟಿನಲ್ಲಿ ಡಾಲರ್ ಲೆಕ್ಕ, ರೂಪಾಯಿಗೆ ತಂದರೆ 1,04,900. ಫೋನಿನಲ್ಲಿದ್ದ ಒಂದು ಬುಕಿಂಗ್ ಆಪ್‌ನಲ್ಲಿ 1,07,200, ಮೇಲೆ ಇಬ್ಬರಿಗೂ ಸೇರಿ 1,900 ಶುಲ್ಕ. ಪಾಲುದಾರರ ಸೈಟಿನಲ್ಲಿ ಇಬ್ಬರಿಗೆ 27,000 ಕಡಿಮೆ ಅಂತ ಕಂಡಿತು. ಆದರೆ ಅದು ಪೂರ್ತಿ ಕೈಗೆ ಬರಲಿಲ್ಲ. ವಿದೇಶಿ ಸೈಟಿಗೆ ಡಾಲರ್‌ನಲ್ಲಿ ಕಟ್ಟಿದರೆ ಬ್ಯಾಂಕು ತನ್ನ ಪಾಲು ಹಿಡಿಯುತ್ತದೆ. ನನ್ನ ಕಾರ್ಡಿನಲ್ಲಿ ಅದು ಶೇಕಡಾ 3.5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. 2,09,800ಕ್ಕೆ 7,343, ಜಿಎಸ್‌ಟಿ 1,322, ಒಟ್ಟು 8,665 ಹೋಯಿತು. ಕೊನೆಗೆ ಉಳಿದದ್ದು 18,335. ಶೇಕಡಾ 2 ಹಿಡಿಯುವ ಕಾರ್ಡುಗಳೂ ಇವೆ, ಬುಕ್ ಮಾಡುವ ಮೊದಲು ಬ್ಯಾಂಕಿಗೆ ಕೇಳಿಕೊಳ್ಳಿ. ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ಪಾವತಿಯನ್ನೂ ನಾವೇ ಆನ್ ಮಾಡಬೇಕು. 2020ರಲ್ಲಿ ಆರ್‌ಬಿಐ ತಂದ ನಿಯಮದಿಂದ ಹೊಸ ಕಾರ್ಡುಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ.

ಈಗ ಆ ತೊಡಕಿಗೆ ಬರುತ್ತೇನೆ.

ಭಾನುವಾರ ರಾತ್ರಿ ಊಟ ಆದಮೇಲೆ ಕೂತು ಬುಕ್ ಮಾಡಿದೆ. ದುಡ್ಡು ಹೋಯಿತು, ಮೇಲ್ ಬಂತು, ಅದರಲ್ಲಿ ಆರು ಅಕ್ಷರದ ಪಿಎನ್‌ಆರ್. ಅಮ್ಮನಿಗೆ ಮಂಡಿ ನೋವು, ಓಣಿ ಪಕ್ಕದ ಸೀಟೇ ಬೇಕು. ಪಾಲುದಾರರ ಸೈಟಿನಲ್ಲಿ ಸೀಟು ಆರಿಸಲು ಹೋದರೆ, ಈ ವಿಮಾನಕ್ಕೆ ಸೀಟು ಹಾರಿಸುವ ಕಂಪನಿಯ ಹತ್ತಿರವೇ ತೆಗೆದುಕೊಳ್ಳಿ ಎಂದು ಬಂತು. ಸರಿ ಅಂತ ಆ ಕಂಪನಿಯ ಸೈಟಿಗೆ ಹೋಗಿ ಅದೇ ಆರು ಅಕ್ಷರ, ಅಮ್ಮನ ಹೆಸರು ಹಾಕಿದೆ. ಇಂಥ ಬುಕಿಂಗ್ ಇಲ್ಲ ಅಂತು. ಮತ್ತೆ ಹಾಕಿದೆ. ಸೊನ್ನೆ ಇರಬಹುದು, ಓ ಇರಬಹುದು ಅಂತ ಬದಲಿಸಿ ಹಾಕಿದೆ. ಅಪ್ಪನ ಹೆಸರು ಹಾಕಿದೆ. ಇಲ್ಲ. ಎರಡು ಲಕ್ಷ ಕಾರ್ಡಿನಿಂದ ಹೋಗಿದೆ, ವಿಮಾನ ಹಾರಿಸುವವರ ಹತ್ತಿರ ನಮ್ಮ ಹೆಸರೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ವಿಷಯ ಏನೆಂದರೆ, ಇಂಥ ಟಿಕೆಟ್‌ಗೆ ಹೆಚ್ಚಾಗಿ ಪಿಎನ್‌ಆರ್ ಎರಡು ಇರುತ್ತವೆ. ಮಾರಿದವರ ಕಂಪ್ಯೂಟರಿನಲ್ಲಿ ಒಂದು, ಹಾರಿಸುವವರ ಕಂಪ್ಯೂಟರಿನಲ್ಲಿ ಇನ್ನೊಂದು. ಎರಡೂ ಒಂದೇ ಟಿಕೆಟ್ಟಿಗೆ ಸೇರಿದ್ದು, ಆದರೆ ನನಗೆ ಬಂದ ಮೇಲ್‌ನಲ್ಲಿ ಎರಡನೆಯದು ಇರಲೇ ಇಲ್ಲ. ಬೆಳಿಗ್ಗೆ ಅಂಗಡಿ ತೆರೆದವನೇ ಪಾಲುದಾರರಿಗೆ ಫೋನ್ ಹಚ್ಚಿದೆ. ನಲವತ್ತು ನಿಮಿಷ ಸಂಗೀತ ಕೇಳಿದೆ. ಆಮೇಲೆ ಸಿಕ್ಕ ಹುಡುಗಿಗೆ ಹಾರಿಸುವ ಕಂಪನಿಯ ಪಿಎನ್‌ಆರ್ ಕೊಡಿ ಅಂದರೆ ಅವಳು ನಮ್ಮದೇ ಪಿಎನ್‌ಆರ್ ಮತ್ತೆ ಓದಿದಳು. ಅದಲ್ಲ, ಅವರ ಸಿಸ್ಟಮ್‌ನಲ್ಲಿ ಇರುವುದು, ಆಪರೇಟಿಂಗ್ ಕ್ಯಾರಿಯರ್ ಲೊಕೇಟರ್ ಅಂತಾರಲ್ಲ ಅದು, ಅಂದೆ. ಈ ಮಾತು ಹೇಳಿದ ಕೂಡಲೇ ಅವಳಿಗೆ ಅರ್ಥವಾಯಿತು. ಬಿ ಫಾರ್ ಬಾಂಬೆ, ಕೆ ಫಾರ್ ಕಿಲೋ ಅಂತ ಒಂದೊಂದೇ ಹೇಳಿದಳು. ತಾಮ್ರದ ತಂತಿ ಬಿಲ್ಲಿನ ಹಿಂದೆ ಬರೆದುಕೊಂಡೆ. ಆ ಬಿಲ್ಲು ಇನ್ನೂ ನನ್ನ ಡ್ರಾಯರಿನಲ್ಲಿದೆ.

ಆ ಎರಡನೇ ಪಿಎನ್‌ಆರ್ ಹಾಕಿದ ಕೂಡಲೇ ಹಾರಿಸುವ ಕಂಪನಿಯ ಸೈಟಿನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಬಂತು. ಜೀವಕ್ಕೆ ಸಮಾಧಾನ ಆಯಿತು. ಆದರೆ ಅಲ್ಲೇ ಇನ್ನೊಂದು ಕಂಡಿತು. ಪಾಲುದಾರರ ಸೈಟಿನಲ್ಲಿ ಅಮ್ಮನಿಗೆ ವೀಲ್‌ಚೇರ್ ಬೇಕು ಅಂತ ಟಿಕ್ ಮಾಡಿದ್ದೆ, ಸಸ್ಯಾಹಾರಿ ಊಟ ಅಂತ ಆರಿಸಿದ್ದೆ. ಇಲ್ಲಿ ಎರಡೂ ಖಾಲಿ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಯೇ ಇರಲಿಲ್ಲ. ಸುಮ್ನೆ ಬಿಟ್ಟಿದ್ದರೆ ಯುರೋಪಿನ ಆ ದೊಡ್ಡ ನಿಲ್ದಾಣದಲ್ಲಿ ಅಮ್ಮ ಮಂಡಿ ಹಿಡಿದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಯುರೋಪಿನ ನಿಯಮದಲ್ಲಿ ಇಂಥ ಸಹಾಯ ಬೇಕಾದರೆ 48 ತಾಸು ಮೊದಲು ತಿಳಿಸಿರಬೇಕು. ಬೆಂಗಳೂರಿನ ಕೌಂಟರಿನಲ್ಲಿ ಹೇಳಿದರಾಯಿತು ಅಂತ ಕೂರಬೇಡಿ.

ಅಲ್ಲೇ ಮತ್ತೆ ಹಾಕಿದೆ. ವೀಲ್‌ಚೇರ್‌ನಲ್ಲೂ ಬಗೆಗಳಿವೆ. ಡಬ್ಲ್ಯುಸಿಎಚ್‌ಆರ್ ಅಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲೂ ಹತ್ತಲಾರರು. ಅಮ್ಮನಿಗೆ ಎರಡನೆಯದು. ಊಟಕ್ಕೆ ಎವಿಎಂಎಲ್ ಹಾಕಿ, ಅದು ನಮ್ಮ ಕಡೆಯ ರುಚಿಯ ಸಸ್ಯಾಹಾರಿ ಊಟ. ವಿಎಲ್‌ಎಂಎಲ್ ಹಾಕಿದರೆ ಮೊಟ್ಟೆ ಬರಬಹುದು. ಎಚ್‌ಎನ್‌ಎಂಎಲ್ ಹಿಂದೂ ಊಟ ಅಂತ ಹೆಸರಿದೆ, ಆದರೆ ಅದು ಮಾಂಸದ ಊಟ, ದನದ ಮಾಂಸ ಇರುವುದಿಲ್ಲ ಅಷ್ಟೇ. ಹೆಸರು ನೋಡಿ ಅದನ್ನು ಹಾಕಿಬಿಟ್ಟರೆ ನಮ್ಮಮ್ಮನಂಥವರು ಹತ್ತು ತಾಸು ಉಪವಾಸ.

ಇಷ್ಟನ್ನೂ ಮೊದಲ 24 ತಾಸಿನಲ್ಲೇ ಮುಗಿಸಿ. ಅಮೆರಿಕಕ್ಕೆ ಹೋಗುವ ಬರುವ ಟಿಕೆಟ್‌ಗೆ ಅಲ್ಲಿನ ಸರ್ಕಾರದ ಒಂದು ನಿಯಮವಿದೆ. ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಇದ್ದರೆ, ವಿಮಾನ ಕಂಪನಿ 24 ತಾಸು ಅದೇ ರೇಟಿಗೆ ಟಿಕೆಟ್ ಕಾಯ್ದಿಡಬೇಕು, ಇಲ್ಲವೇ ಕಟ್ಟಿದ ಮೇಲೆ 24 ತಾಸಿನೊಳಗೆ ರದ್ದು ಮಾಡಿದರೆ ದಂಡವಿಲ್ಲದೆ ವಾಪಸ್ ಕೊಡಬೇಕು. ಎರಡನೇ ಪಿಎನ್‌ಆರ್ ಸಿಗಲಿಲ್ಲ, ವೀಲ್‌ಚೇರ್ ದಾಖಲಾಗಲಿಲ್ಲ ಅಂದರೆ ಅಷ್ಟರೊಳಗೆ ರದ್ದು ಮಾಡಿ ಬೇರೆ ಕಡೆ ತೆಗೆಯಬಹುದು. ಈ ನಿಯಮ ವಿಮಾನ ಕಂಪನಿಗಳಿಗೆ ಮಾತ್ರ, ಬುಕಿಂಗ್ ಆಪ್‌ಗೆ ಅನ್ವಯಿಸುವುದಿಲ್ಲ.

ಬ್ಯಾಗಿನ ವಿಷಯಕ್ಕೆ ಬಂದರೆ ಪಾಲುದಾರರ ಟಿಕೆಟ್ ನನಗೆ ಇನ್ನೂ ಲಾಭವಾಯಿತು. ಹಾರಿಸುವ ಕಂಪನಿಯ ಅಗ್ಗದ ದರದಲ್ಲಿ ಒಬ್ಬರಿಗೆ 23 ಕೆಜಿಯ ಒಂದೇ ಬ್ಯಾಗ್. ಪಾಲುದಾರರದ್ದರಲ್ಲಿ ಎರಡು. ಅಮೆರಿಕದ ಟಿಕೆಟ್ ಆದರೆ ಕೋಡ್‌ಶೇರ್ ವಿಮಾನದಲ್ಲಿ ಮಾರಿದ ಕಂಪನಿಯ ಬ್ಯಾಗ್ ನಿಯಮವೇ ನಡೆಯಬೇಕು, ಇದೂ ಅಲ್ಲಿನ ನಿಯಮವೇ. ಬಾಣಂತನದ ಸಾಮಾನು ಗೊತ್ತಲ್ಲ. ಅಂಟಿನ ಉಂಡೆ, ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ, ಮಗುವಿಗೆ ಹಳೇ ಹತ್ತಿ ಸೀರೆಯ ಕೌದಿ. ನಾಲ್ಕು ಬ್ಯಾಗೂ ತುಂಬಿ, ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ 22.5ಕ್ಕೆ ತಂದು ನಿಲ್ಲಿಸಿದೆ. ಕೌಂಟರಿನಲ್ಲಿ ಮೊದಲು ಒಂದೇ ಬ್ಯಾಗ್ ಅಂದರು. ಟಿಕೆಟ್ ರಸೀದಿಯಲ್ಲಿ ಪ್ರತಿ ವಿಮಾನದ ಎದುರು 2ಪಿಸಿ, ಅಂದರೆ ಎರಡು ಬ್ಯಾಗ್, ಅಂತ ಅಚ್ಚಾಗಿರುತ್ತದೆ, ಅದನ್ನು ಅಪ್ಪ ಬೆರಳಿಟ್ಟು ತೋರಿಸಿದರು. ನಾಲ್ಕೂ ಹೋದವು. ಆ ರಸೀದಿ ಫೋನಿನಲ್ಲಿ ಇದ್ದರೆ ಸಾಲದು, ಕಾಗದದಲ್ಲಿ ಕೊಟ್ಟು ಕಳಿಸಿ.

ಕೌಂಟರಿಗೆ ಹೋಗುವುದು ಹಾರಿಸುವ ಕಂಪನಿಯದ್ದಕ್ಕೆ. ಟಿಕೆಟ್ ಮೇಲೆ ಪಾಲುದಾರರ ನಂಬರು ಇರುತ್ತದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಪರೇಟೆಡ್ ಬೈ ಅಂತ ಇರುವ ಹೆಸರನ್ನು ಅಪ್ಪನಿಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೆ. ಸಂಜೆ ನಾಲ್ಕಕ್ಕೆ ದಾವಣಗೆರೆ ಬಿಟ್ಟು, ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದೆವು. ಬೆಂಗಳೂರಿನ ಟ್ರಾಫಿಕ್ ತಪ್ಪಿತು.

ಹಾರಿಸುವ ಕಂಪನಿಯ ಸೈಟಿನ ಬಗ್ಗೆ ನನಗೆ ದೂರಿಲ್ಲ. ಪಿಎನ್‌ಆರ್ ಒಂದೇ, ಸೀಟು, ಊಟ, ವೀಲ್‌ಚೇರ್ ಎಲ್ಲ ಒಂದೇ ಜಾಗದಲ್ಲಿ, ಹತ್ತು ನಿಮಿಷದ ಕೆಲಸ. ರೇಟಿನ ವ್ಯತ್ಯಾಸ ನಾಲ್ಕೈದು ಸಾವಿರ ಅಷ್ಟೇ ಇದ್ದಿದ್ದರೆ ಅಲ್ಲೇ ತೆಗೆಯುತ್ತಿದ್ದೆ.

ಬುಕಿಂಗ್ ಆಪ್ ಮಾತ್ರ ಬೇಡ. ಈ ಸಲ ಪಾಲುದಾರರ ಟಿಕೆಟ್ಟಿಗೆ ಕಾರ್ಡಿನ ಖರ್ಚೆಲ್ಲ ಸೇರಿಸಿ ನೋಡಿದರೆ ಅದಕ್ಕಿಂತ ಆಪ್‌ನಲ್ಲಿ ಎರಡು ಸಾವಿರ ಕಡಿಮೆ ಬೀಳುತ್ತಿತ್ತು, ಆದರೆ ಬ್ಯಾಗ್ ಒಂದೇ. ಹಿಂದೊಮ್ಮೆ ಒಂದು ಆಪ್‌ನಲ್ಲಿ ಅಕ್ಕನಿಗೆ ಟಿಕೆಟ್ ತೆಗೆದಾಗ ವಿಮಾನದ ಸಮಯ ಬದಲಾಗಿ, ಮಧ್ಯೆ ವಿಮಾನ ಬದಲಿಸಲು ಐವತ್ತೈದು ನಿಮಿಷ ಅಷ್ಟೇ ಉಳಿಯಿತು. ಆಪ್‌ನವರು ಕಂಪನಿಗೆ ಕೇಳಿ ಅಂದರು, ಕಂಪನಿಯವರು ತೆಗೆದವರಿಗೇ ಕೇಳಿ ಅಂದರು. ನಾಲ್ಕು ದಿನ ಅದೇ ಆಯಿತು. ಈ ಸಲ ಅಮ್ಮನ ವಾಪಸ್ ದಿನ ಮುಂದೆ ಹಾಕಬೇಕಾಗಿ ಬಂದಾಗ ಪಾಲುದಾರರು ಒಂದೇ ಫೋನಿನಲ್ಲಿ ಬದಲಿಸಿಕೊಟ್ಟರು. ಟಿಕೆಟ್ ನಂಬರು ಹದಿಮೂರು ಅಂಕಿ ಇರುತ್ತದೆ, ಮೊದಲ ಮೂರು ಅಂಕಿ ಯಾವ ಕಂಪನಿಯದೋ ಅವರೇ ಅದನ್ನು ಬದಲಿಸಬೇಕು. 098 ಏರ್ ಇಂಡಿಯಾ, 176 ಎಮಿರೇಟ್ಸ್, 157 ಕತಾರ್, ಹೀಗೆ.

ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮ ಕಡೆ ಬಹಳ ಜನರದ್ದು ಹಾಗೇ. ಅಮೆರಿಕ ವೀಸಾದಲ್ಲಿ ಇದ್ದ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬಂದಿತ್ತು, ಟಿಕೆಟ್ಟಿನಲ್ಲೂ ವೀಸಾದಲ್ಲಿ ಇದ್ದ ಹಾಗೇ ಹಾಕಿದೆ, ತೊಂದರೆ ಆಗಲಿಲ್ಲ.

ಚಿತ್ರದುರ್ಗದಲ್ಲಿರುವ ನನ್ನ ಗೆಳೆಯ ಮೇಷ್ಟ್ರು ಹೋದ ತಿಂಗಳು ಮಗನ ಹತ್ತಿರ ಹೋಗಲು ಟಿಕೆಟ್ ತೆಗೆದ. ಇದನ್ನೆಲ್ಲ ಹೇಳಿದೆ, ಕೇಳಿಸಿಕೊಂಡ, ಆದರೂ ಹಾರಿಸುವ ಕಂಪನಿಯ ಸೈಟಿನಲ್ಲೇ ತೆಗೆದ. ಅವನಿಗೆ ಇಂಗ್ಲಿಷಿನಲ್ಲಿ ಫೋನ್ ಹಿಡಿದು ನಲವತ್ತು ನಿಮಿಷ ಕೂರಲು ಆಗುವುದಿಲ್ಲ, ಹನ್ನೊಂದು ಸಾವಿರ ಜಾಸ್ತಿ ಕೊಟ್ಟು ನೆಮ್ಮದಿಯಾಗಿದ್ದಾನೆ. ಅವನಿಗೆ ಅದು ಸರಿ. ನನಗೆ ಹದಿನೆಂಟು ಸಾವಿರ ಅಂದರೆ ಅಂಗಡಿಯ ಹುಡುಗನ ಒಂದು ತಿಂಗಳ ಸಂಬಳ, ಒಂದು ಬೆಳಗಿನ ಫೋನಿಗೆ ಅದು ಸಿಗುವುದಾದರೆ ನಾನು ಕೂರುತ್ತೇನೆ.

ಬೇಸಿಗೆಗೆ ಅಕ್ಕನ ಅತ್ತೆ ಮಾವ ಹೊರಡುತ್ತಾರೆ, ಅವರ ಟಿಕೆಟ್ಟೂ ನನ್ನ ತಲೆಗೇ ಬಂದಿದೆ. ಅದೇ ಪಾಲುದಾರರ ಸೈಟಿನಲ್ಲಿ ರೇಟು ನೋಡುತ್ತಿದ್ದೇನೆ. ಈ ಸಲ ಕಟ್ಟುವುದು ಅಕ್ಕನ ಅಮೆರಿಕದ ಕಾರ್ಡಿನಿಂದ, ಬ್ಯಾಂಕಿನ ಆ ಎಂಟು ಸಾವಿರವೂ ಉಳಿಯಲಿ.